ಅಕ್ಕನ ಟ್ರೇಲರಿನ ಬಿರುಕು

ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು ಮೇಷ್ಟ್ರುಗಳಿಗೆ ಬಾರದ ವಿದ್ಯೆ. ಚಿತ್ರದುರ್ಗದ ಪಾಲಿಟೆಕ್ನಿಕ್ಕಿನಲ್ಲಿ ಲೋಹಗಳ ಪಾಠ ಮಾಡುವ ನನಗಂತೂ ಈ ಚಟ ಜಾಸ್ತಿ. ಕಬ್ಬಿಣಕ್ಕೂ ದಣಿವುಂಟು, ದಿನವೂ ಜಗ್ಗಿದರೆ ಕೂದಲೆಳೆಯ ಬಿರುಕು ಹುಟ್ಟಿ ಬೆಳೆಯುತ್ತದೆ ಎಂದು ಮದುವೆ ಊಟದ ಪಂಕ್ತಿಯಲ್ಲೂ ವಿವರಿಸಿ, ಪಕ್ಕದವರ ಅನ್ನ ಆರಿಹೋಗುವಂತೆ ಮಾಡಿದ್ದೇನೆ.

ಅಂಥ ಬಿರುಕು ಬೆಳೆಯುವುದನ್ನು ನನಗೆ ಕಣ್ಣಾರೆ ತೋರಿಸಿದವಳು ಮಾತ್ರ ತಾಳ್ಯದಲ್ಲಿ ಬೇಸಾಯ ಮಾಡುವ ನನ್ನಕ್ಕ. ಸೋಮವಾರ ಟ್ರ್ಯಾಕ್ಟರಿಗೆ ಪೂಜೆ ಮಾಡುವಾಗ, ಟ್ರೇಲರನ್ನು ಎಳೆಯುವ ಕಬ್ಬಿಣದ ತೊಲೆಗೂ ಅವಳು ಒದ್ದೆ ವಿಭೂತಿ ಬಳಿಯುತ್ತಾಳೆ. ಒಮ್ಮೆ ಹಳೆಯದನ್ನು ಒರೆಸಿದರೆ ಎಲ್ಲ ಹೋಗಿ ಒಂದು ಬಿಳಿ ಗೆರೆ ಮಾತ್ರ ಉಳಿಯಿತಂತೆ. ಬಿರುಕಿನೊಳಗೆ ವಿಭೂತಿ ಕೂತಿತ್ತು. ಇದೇ ಕೆಲಸಕ್ಕೆ ನಾವು ಲ್ಯಾಬಿಗೆ ಬಣ್ಣದ ದ್ರಾವಣ ತರಿಸುತ್ತೇವೆ! ಅಂದಿನಿಂದ ಪ್ರತಿ ಸೋಮವಾರ ಅಕ್ಕ ಗೆರೆಯ ತುದಿಯಲ್ಲಿ ಮೊಳೆಯಿಂದ ಗೀರು ಹಾಕತೊಡಗಿದಳು. ಗೀರುಗಳು ಮುಂದೆ ಸರಿಯುತ್ತಲೇ ಇದ್ದವು. ಹೊಸ ತೊಲೆ ಹಾಕಿಸು ಎಂದೆ. ಮೆಕ್ಕೆಜೋಳ ಸಾಗಿಸಿ ಮುಗಿಯಲಿ ಎಂದಳು.

ಅಷ್ಟರಲ್ಲಿ ಭಾವ ಎರಡು ಸಲದ ಜೋಳವನ್ನು ಒಂದೇ ಸಲ ತುಂಬಿ ಹೊಳಲ್ಕೆರೆಗೆ ಹೊರಟರು. ಟ್ರೇಲರು ಹಳ್ಳಕ್ಕಿಳಿದು ದಡಕ್ಕನೆ ಜಗ್ಗಿತು. ತೊಲೆ ಹೇಗೋ ತಡೆಯಿತು. ವಿಚಿತ್ರವೆಂದರೆ, ಆಮೇಲೆ ಮೂರು ಸೋಮವಾರ ಬಿರುಕು ಹಳೆಯ ಗೀರನ್ನು ದಾಟಲೇ ಇಲ್ಲ. ನಾನು ಕುಣಿಯುವುದೊಂದು ಬಾಕಿ. ಒಮ್ಮೆಲೇ ಅತಿಭಾರ ಬಿದ್ದಾಗ ಬಿರುಕಿನ ತುದಿಯ ಲೋಹ ಹಿಗ್ಗುತ್ತದೆ; ಭಾರ ಇಳಿದ ಮೇಲೆ ಸುತ್ತಲಿನ ಲೋಹ ಅದನ್ನು ಅಮುಕಿ ಹಿಡಿಯುತ್ತದೆ; ಬಿರುಕು ಬಾಯಿ ಬಿಡಲಾರದೆ ನಿಧಾನವಾಗುತ್ತದೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಅಕ್ಕನ ಅಂಗಳದಲ್ಲಿ ನಡೆದಿತ್ತು. ನನ್ನ ವಿವರಣೆ ಕೇಳಿದ ಭಾವ, ಹಾಗಾದರೆ ಇನ್ನೊಂದು ಸಲ ಜಾಸ್ತಿ ತುಂಬೋಣ ಎಂದು ಹುರುಪಾದರು.

ಅಕ್ಕ ಮಾತ್ರ, "ಎಷ್ಟು ದಿನ ಹಿಂಗೆ ಸುಮ್ಕಿರ್ತೈತೆ?" ಎಂದು ಕೇಳಿದಳು.

ಮತ್ತೆ ಬೆಳೆಯುವುದು ಖಂಡಿತ, ಯಾವಾಗ ಎಂದು ಹೇಳಲಾಗದು ಎಂದೆ. ಇನ್ನೂ ಹೇರಿದರೆ ಅಲ್ಲೇ ಮುರಿಯಲೂಬಹುದು ಎಂದು ಮೆಲ್ಲಗೆ ಸೇರಿಸಿದೆ.

"ನಾಳೆ ತೆನೆ ಬಿಡಿಸೋಕೆ ಎಂಟು ಹೆಣ್ಮಕ್ಳು ಈ ಟ್ರೇಲರ್‌ನಾಗೆ ಕುಂತು ಬರ್ತಾರೆ. ನೀನೂ ಅವರ ಜತೆ ಕುಂತ್ಕಂಡು ಬರ್ತೀಯೇನಪ್ಪ?"

ನನಗೆ ತಟ್ಟನೆ ಕಾಲೇಜಿನ ಕೆಲಸ ನೆನಪಾಯಿತು. ಅಕ್ಕ ನಗಲಿಲ್ಲ. ವೆಲ್ಡಿಂಗ್ ಅಂಗಡಿಗೆ ಫೋನು ಮಾಡಿ, ಬೆಳಗಾಗುವುದರೊಳಗೆ ಹೊಸ ತೊಲೆ ಬೇಕೆಂದಳು. ಆ ಹೊತ್ತಿನಲ್ಲಿ ಅವಳ ಕಾಲು ಮುಟ್ಟಬೇಕೆನಿಸಿದ್ದು ಸುಳ್ಳಲ್ಲ. ಹದಿನೆಂಟು ವರ್ಷ ಬಿರುಕಿನ ಪಾಠ ಮಾಡಿದ ನಾನು, ಅದರ ಹಿಂದೆ ಯಾರು ಕೂತಿರುತ್ತಾರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನೇ ಕೂರಬೇಕೆಂದಾಗ ಮಾತ್ರ, ಕೂರಬಾರದು ಎಂಬ ಉತ್ತರ ಎಷ್ಟು ಬೇಗ ಹೊಳೆಯಿತು!