ದೋಣಿಯ ಮೂತಿ ಇಳಿಸಿದ ಕಥೆ

ಹೊಸ ವರ್ಷದ ಬೆಳಗ್ಗೆ, ತಿಂಡಿಗೆ ಮುಂಚೆ, ಅಡುಗೆಮನೆಯ ನಟ್ಟನಡುವೆ ನಿಂತು ನಾನು ಘೋಷಿಸಿದೆ: "ಕೆರೆ ಮೇಲಿನ ಮಂಜುಗಡ್ಡೆ ಕರಗೋ ಹೊತ್ತಿಗೆ ನಾನು ಐವತ್ತು ಪೌಂಡ್ ಇಳಿಸಿರ್ತೀನಿ. ನೋಡ್ತಾ ಇರು."

ಕಾಫಿ ಬಗ್ಗಿಸುತ್ತಿದ್ದ ನನ್ನ ಹೆಂಡತಿ ಮಾರ್ಲಿಸ್ ತಲೆ ಎತ್ತಲಿಲ್ಲ. "ಎಲ್ಲಿ ಇಳಿಸ್ತೀಯ? ಗ್ಯಾರೇಜಲ್ಲಿ ಜಾಗ ಇಲ್ಲ."

ಇಂಥ ಮಹಾಪ್ರತಿಜ್ಞೆಗೆ ಒಂದು ಕಾರಣವಿತ್ತು. ಮಿನೆಸೋಟದ ನಮ್ಮ ಪುಟ್ಟ ಊರಿನ ಕೆರೆಯಲ್ಲಿ ಪ್ರತಿ ಆಗಸ್ಟಿನಲ್ಲೂ ಜೋಡಿದೋಣಿ ಪಂದ್ಯ ನಡೆಯುತ್ತದೆ. ಮದುವೆಯಾದಾಗಿನಿಂದ ನಮ್ಮ ದೋಣಿಯಲ್ಲಿ ನಾನು ಹಿಂದೆ, ಅವಳು ಮುಂದೆ. ಕಳೆದ ಪಂದ್ಯದ ಮರುದಿನ ಊರಿನ ಪತ್ರಿಕೆ ನಮ್ಮ ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಗೆದ್ದದ್ದಕ್ಕಲ್ಲ. ಚಿತ್ರದಲ್ಲಿ ನನ್ನ ಭಾರಕ್ಕೆ ದೋಣಿಯ ಹಿಂಬದಿ ನೀರಿನಲ್ಲಿ ಕುಳಿತಿದೆ. ಮುಂಬದಿ ಮೂತಿ ಎತ್ತಿ ಮೋಡ ನೋಡುತ್ತಿದೆ. ಆ ಎತ್ತರದಲ್ಲಿ ಮಾರ್ಲಿಸ್ ಹಲ್ಲು ಕಚ್ಚಿ, ಶಕ್ತಿ ಮೀರಿ, ಗಾಳಿಗೆ ಹುಟ್ಟು ಹಾಕುತ್ತಿದ್ದಾಳೆ. ಅವಳ ಹುಟ್ಟಿಗೂ ನೀರಿಗೂ ನಡುವಿನ ಜಾಗದಲ್ಲಿ ಒಂದು ಬಾತುಕೋಳಿ ಆರಾಮವಾಗಿ ಈಜಿಕೊಂಡು ಹೋಗುತ್ತಿದೆ.

ಗಾಳದ ಅಂಗಡಿಯವರು ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿದರು. ನಮ್ಮ ನೆರೆಯ ಓರ್ವಿಲ್ ಮಾರ್ಲಿಸ್‌ಳನ್ನು ಕಂಡಾಗಲೆಲ್ಲ, "ಮೇಲೆ ಹವಾ ಹೇಗಿದೆಯಮ್ಮ?" ಎಂದು ಕೇಳತೊಡಗಿದ. ಚಳಿಗಾಲದವರೆಗೂ ಸಹಿಸಿಕೊಂಡ ಮಾರ್ಲಿಸ್ ಒಂದು ದಿನ ಹೇಳಿದಳು:

"ವರ್ನಾ ದೋಣೀಲಿ ಮುಂದಿನ ಸೀಟು ಖಾಲಿ ಆಗಿದೆ. ಮುಂದಿನ ಆಗಸ್ಟಲ್ಲೂ ನನ್ನ ಹುಟ್ಟು ನೀರು ಮುಟ್ಟದಿದ್ರೆ ನಾನು ಅವಳ ಜೊತೆ ಹೋಗ್ತೀನಿ, ಎಲ್ಡನ್. ಬೇಜಾರು ಮಾಡ್ಕೋಬೇಡ."

ವರ್ನಾ ಅವಳ ತಂಗಿ. ಅಕ್ಕನಷ್ಟೇ ಎತ್ತರ, ಅಕ್ಕನ ಹಾಗೇ ಬೆಳ್ಳಿಗೂದಲು, ಆದರೆ ಕಡ್ಡಿಯಂತೆ ತೆಳ್ಳಗೆ. ದೋಣಿ ಪಂದ್ಯದಲ್ಲಿ ಹೆಂಡತಿ ಇನ್ನೊಬ್ಬರ ದೋಣಿ ಹತ್ತುವುದೆಂದರೆ ನಮ್ಮೂರಿನಲ್ಲಿ ಅರ್ಧ ವಿಚ್ಛೇದನವಿದ್ದಂತೆ. ಹಾಗಾಗಿ ಪ್ರತಿಜ್ಞೆ.

"ವಾರಕ್ಕೆ ಅರ್ಧ ಪೌಂಡ್ ಇಳಿಸ್ತೀನಿ ಅನ್ನು, ನಂಬ್ತೀನಿ," ಎಂದಳು ಮಾರ್ಲಿಸ್.

"ಗುರಿ ಆಕಾಶದಲ್ಲಿ ಇರಬೇಕು ಕಣೇ."

"ಆಕಾಶದಲ್ಲಿ ನಾನಿದ್ದೆನಲ್ಲ, ಆಗಸ್ಟಲ್ಲಿ. ಅಲ್ಲೇನೂ ಇಲ್ಲ."

ನಾನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞ. ಅಳತೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಬಚ್ಚಲುಮನೆಯ ತೂಕದ ಯಂತ್ರವನ್ನು ಮೊದಲ ದಿನವೇ ತಿರಸ್ಕರಿಸಿದೆ. ಒಂದು ಲೋಟ ನೀರು ಕುಡಿದರೆ ಏರುವ, ಬೂಟು ಬಿಚ್ಚಿದರೆ ಇಳಿಯುವ ಯಂತ್ರಕ್ಕೆ ಶೀಲವೆಲ್ಲಿ? ನನಗೆ ಬೇಕಾದದ್ದು ತೂಕವಲ್ಲ, ದೋಣಿಯ ಸಮತಲ. ಆದ್ದರಿಂದ ದೋಣಿಯೇ ನನ್ನ ತಕ್ಕಡಿ. ಗಾರೆಯವರು ಗೋಡೆ ನೋಡುವ ರಸಮಟ್ಟವನ್ನು ತಂದು ದೋಣಿಯ ಅಂಚಿಗೆ ಭದ್ರವಾಗಿ ಅಂಟಿಸಿದೆ. ಅದರೊಳಗಿನ ಗಾಳಿಗುಳ್ಳೆ ನಡುಗೆರೆಗೆ ಬಂದು ನಿಂತ ದಿನ ನಾನು ಗೆದ್ದೆ. ವಿಜ್ಞಾನ ಇಷ್ಟು ಸರಳ!

ಮೊದಲ ವಾರ ಎಲೆಕೋಸಿನ ಸಾರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮೊದಲ ವಾರವೆಂದರೆ ಬುಧವಾರದವರೆಗೆ. ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಹಭೋಜನವಿತ್ತು. ನಾನು ಕುರ್ಚಿ ಜೋಡಿಸಲು ಹೋದವನು ಹಾಟ್‌ಡಿಶ್ ಟ್ರೇಯ ಮುಂದೆ ಸಿಕ್ಕಿಬಿದ್ದೆ. ಕೆಳಗೆ ಕೊಚ್ಚಿದ ಮಾಂಸ, ನಡುವೆ ಕೆನೆಗಟ್ಟಿದ ಅಣಬೆ ಸಾರು, ಮೇಲೆ ಹೊಂಬಣ್ಣಕ್ಕೆ ಬೆಂದ ಆಲೂಗಡ್ಡೆ ಉಂಡೆಗಳ ಸಾಲು. ಮೂರು ಸಲ ಬಡಿಸಿಕೊಂಡೆ. ಮನೆಗೆ ಬಂದು ಪ್ರತಿಜ್ಞೆಗೆ ತಿಲಾಂಜಲಿ ಕೊಟ್ಟು ಸೋಫಾ ಮೇಲೆ ಉರುಳಿದೆ.

"ಮುಗೀತು ನನ್ನ ಕಥೆ. ನೀನು ವರ್ನಾ ಹತ್ರ ಹೋಗು."

"ನಾಟಕ ಸಾಕು ಮಾರಾಯ, ಏಳು," ಎಂದಳು ಮಾರ್ಲಿಸ್. "ಐವತ್ತನ್ನ ಮರೆತುಬಿಡು. ನಾಳೆ ಒಂದು ತುಂಡು ಕೇಕ್ ಕಡಿಮೆ ತಿನ್ನು. ಊಟ ಆದ್ಮೇಲೆ ಓರ್ವಿಲ್‌ನ ಮೀನಿನ ಗುಡಿಸಲವರೆಗೂ ನಡೆದು ಬಾ. ಅಷ್ಟೇ ಗುರಿ."

"ಅಷ್ಟು ಸಣ್ಣ ಗುರಿಗೆ ಸ್ಫೂರ್ತಿ ಎಲ್ಲಿಂದ ಬರಬೇಕು?"

"ಗುರಿ ಮುಟ್ಟಿದ್ಮೇಲೆ ಬರತ್ತೆ. ಮೊದಲು ಮುಟ್ಟು."

ಹಾಗೆ ಶುರುವಾಯಿತು. ಹೆಪ್ಪುಗಟ್ಟಿದ ಕೆರೆಯ ಮೇಲೆ, ಮಂಜಿಗೆ ತೂತು ಕೊರೆದು ಮೀನು ಹಿಡಿಯಲು ಓರ್ವಿಲ್ ಹಾಕಿದ್ದ ಗುಡಿಸಲಿನವರೆಗೆ ನಡೆಯುವುದು, ತಿರುಗಿ ಬರುವುದು. ಮೊದಲ ದಿನ ನಾನು ತಿರುಗಿ ಬರಲಿಲ್ಲ. ಗುಡಿಸಲಿನೊಳಗೆ ಓರ್ವಿಲ್ ಬೆಣ್ಣೆಯಲ್ಲಿ ಮೀನು ಹುರಿಯುತ್ತಿದ್ದ. ಮರುದಿನದಿಂದ ಮಾರ್ಲಿಸ್ ಕಾವಲಿಗೆ ಜೊತೆಯಲ್ಲೇ ನಡೆದಳು. ಅಡುಗೆಯಲ್ಲೂ ಹಾಗೆಯೇ. "ಇಬ್ಬರಿಗೆ ಎರಡು ಅಡುಗೆ ಮಾಡೋಕೆ ನಾನೇನು ಹೋಟೆಲ್ ಇಟ್ಟಿಲ್ಲ. ನೀನು ತಿನ್ನೋದನ್ನೇ ನಾನೂ ತಿಂತೀನಿ," ಎಂದಳು. ನಾನು ತಲೆಯಾಡಿಸಿದೆ. ಈ ಎರಡು ಸಂಗತಿಗಳನ್ನು ಯಾವ ಮೂರ್ಖನಾದರೂ ಕೂಡಿಸಿ ನೋಡುತ್ತಿದ್ದ. ನಾನು ವಿಜ್ಞಾನದ ಪದವೀಧರ, ನೋಡಲಿಲ್ಲ.

ವಸಂತ ಬಂತು. ನನ್ನ ಪ್ಯಾಂಟು ಬೆಲ್ಟಿನ ಆಣತಿಯಿಲ್ಲದೆ ಕೆಳಗಿಳಿಯತೊಡಗಿತು. ಬೂಟಿನ ದಾರ ಕಟ್ಟುವಾಗ ಉಸಿರು ನನ್ನ ಬಳಿಯೇ ಉಳಿಯುತ್ತಿತ್ತು. ಮೇ ತಿಂಗಳಲ್ಲಿ ಕೆರೆ ಕರಗಿತು. ಅದೇ ದಿನ ದೋಣಿಯನ್ನು ನೀರಿಗಿಳಿಸಿ, ಮಾರ್ಲಿಸ್‌ಳನ್ನು ಮುಂದೆ ಕೂರಿಸಿ, ಕಿರೀಟಧಾರಣೆಗೆ ಹೊರಟ ಅರಸನ ಗತ್ತಿನಲ್ಲಿ ನಾನು ಹಿಂದೆ ಕುಳಿತು ರಸಮಟ್ಟ ನೋಡಿದೆ.

ಗುಳ್ಳೆ ಮೂತಿಯ ಕಡೆಗೇ ಇತ್ತು. ಕಳೆದ ವರ್ಷ ಎಲ್ಲಿರಬಹುದಿತ್ತೋ ಅಲ್ಲೇ.

ರಸಮಟ್ಟ ಸುಳ್ಳು ಹೇಳುತ್ತಿದೆಯೆಂದು ಅದನ್ನು ಕಿತ್ತು ಅಡುಗೆಮನೆಯ ಮೇಜಿನ ಮೇಲಿಟ್ಟು ಪರೀಕ್ಷಿಸಿದೆ. ಮೇಜೇ ಓರೆಯಾಗಿತ್ತು. ಮೇಜಿನ ಒಂದು ಕಾಲು ಕೊಯ್ದೆ. ಜಾಸ್ತಿಯಾಯಿತು. ಉಳಿದ ಮೂರನ್ನೂ ಕೊಯ್ದೆ. ಈಗ ಮೇಜು ಸಮವಾಗಿದೆ, ಊಟ ಮಾತ್ರ ಮಂಡಿಯ ಮೇಲೆ. ರಸಮಟ್ಟ ನಿರ್ದೋಷಿ. ದೋಣಿಯ ಹಿಂಬದಿಯ ಬಣ್ಣ ಕೆರೆದೆ, ನನ್ನ ಸೀಟಿನ ಮೆತ್ತೆ ತೆಗೆದೆ, ಬರಿ ಹಲಗೆಯ ಮೇಲೆ ಕುಳಿತೆ. ಗುಳ್ಳೆ ಕದಲಲಿಲ್ಲ.

"ಏನಾಯ್ತು ನಿಂಗೆ? ಮುಖ ಯಾಕೆ ಹೀಗಿದೆ?" ಎಂದಳು ಮಾರ್ಲಿಸ್ ಒಂದು ಸಂಜೆ, ಮಂಡಿಯ ಮೇಲೆ ತಟ್ಟೆಯಿಟ್ಟುಕೊಂಡು. "ಬೇರೇನೂ ಕಾಣ್ತಿಲ್ವಾ ನಿಂಗೆ?"

"ಗುಳ್ಳೆ ಬಿಟ್ಟು ನಂಗೀಗ ಬೇರೇನೂ ಕಾಣಲ್ಲ," ಎಂದೆ ಪ್ರಾಮಾಣಿಕವಾಗಿ.

ಅವಳು ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು.

ಆಗಸ್ಟ್ ಬಂದೇಬಿಟ್ಟಿತು. ಪಂದ್ಯದ ನಿಯಮಪತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದೆ. 'ದೋಣಿಯಲ್ಲಿ ಕಲ್ಲು, ಮರಳು, ಲೋಹ ಹೇರುವಂತಿಲ್ಲ.' ಸರಿ. ಕಲ್ಲಲ್ಲದ, ಮರಳಲ್ಲದ, ಲೋಹವಲ್ಲದ ಭಾರ ಯಾವುದು?

ನಮ್ಮ ಗ್ಯಾರೇಜಿನ ದೊಡ್ಡ ಫ್ರೀಜರಿನಲ್ಲಿ ಅಂಥದ್ದು ಆರು ಟ್ರೇ ಇತ್ತು. ಪಂದ್ಯದ ಸಂಜೆ ಚರ್ಚಿನಲ್ಲಿ ಊರೂಟ. ಅದಕ್ಕೆ ಮಾರ್ಲಿಸ್ ಹಾಟ್‌ಡಿಶ್ ಮಾಡಿ, ಬೆಳ್ಳಿಹಾಳೆ ಸುತ್ತಿ, ಹೆಸರು ಬರೆದ ಪಟ್ಟಿ ಅಂಟಿಸಿ, ಇಟ್ಟಿಗೆಯಂತೆ ಹೆಪ್ಪುಗಟ್ಟಿಸಿ ಇಟ್ಟಿದ್ದಳು. ಸಂಜೆಯ ಹೊತ್ತಿಗೆ ಅವು ಹೇಗೂ ಕರಗಬೇಕು. ಗ್ಯಾರೇಜಿನಲ್ಲಿ ಕರಗಿದರೇನು, ದೋಣಿಯಲ್ಲಿ ಕರಗಿದರೇನು? ಆ ಬುಧವಾರದ ನಂತರ ನಾನು ಬಾಯಿಗಿಡದ ವಸ್ತುವೇ ನನ್ನನ್ನು ಕಾಪಾಡುವುದೆಂದರೆ, ಅದರಲ್ಲೊಂದು ನ್ಯಾಯವೂ ಇತ್ತು. ಆರನ್ನೂ ದೋಣಿಯ ಮೂತಿಯೊಳಗೆ ತುರುಕಿ ಮೇಲೆ ಟಾರ್ಪಾಲು ಹೊದಿಸಿದೆ.

"ಏನದು ಮುಂದೆ?" ಎಂದಳು ಮಾರ್ಲಿಸ್ ದೋಣಿ ಹತ್ತುತ್ತ.

"ಮಳೆ ಬಂದ್ರೆ ಇರಲಿ ಅಂತ."

ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಅವಳು ಆಕಾಶ ನೋಡಿದಳು, ನನ್ನನ್ನು ನೋಡಿದಳು, ಕುಳಿತಳು. ನಾನು ರಸಮಟ್ಟ ನೋಡಿದೆ. ಗುಳ್ಳೆ ನಡುಗೆರೆಯ ಮೇಲೆ, ಉಂಗುರದ ನಡುವಿನ ಮುತ್ತಿನಂತೆ ನಿಂತಿತ್ತು!

ತುತ್ತೂರಿ ಊದಿತು. ಮಾರ್ಲಿಸ್‌ಳ ಹುಟ್ಟು ನೀರಿಗೆ ಬಿತ್ತು. ನೀರಿಗೆ, ಗಾಳಿಗಲ್ಲ. ಆಹಾ, ಆ ಸದ್ದು! ದೋಣಿ ಬಾಣದಂತೆ ಹೊರಟಿತು. ಮೊದಲ ತಿರುವಿನಲ್ಲಿ ಓರ್ವಿಲ್‌ನನ್ನು ದಾಟಿದೆವು. "ಮೇಲೆ ಹವಾ..." ಎಂದು ಬಾಯಿ ತೆರೆದವನು ತೆರೆದೇ ಉಳಿದ. ಎರಡನೆಯ ತಿರುವಿನಲ್ಲಿ, ಜೊತೆ ಸಿಗದೆ ಒಬ್ಬಳೇ ಇಳಿದಿದ್ದ ವರ್ನಾಳ ದೋಣಿಯನ್ನು.

"ಎಲ್ಡನ್, ಮುಟ್ತಿದೆ ಕಣೋ, ನೀರು ಮುಟ್ತಿದೆ," ಎಂದು ಮಾರ್ಲಿಸ್ ಮುಂದಿನಿಂದ ಕೂಗಿದಳು. ಅವಳ ದನಿ ನಮ್ಮ ಮದುವೆಯ ದಿನದ್ದಾಗಿತ್ತು. ನನ್ನ ಎದೆ ಉಬ್ಬಿತು. ನಮ್ಮ ಮುಂದೆ ಇನ್ನು ಎರಡೇ ದೋಣಿ.

ಆಗ ಮೊದಲ ಕಡಲಕ್ಕಿ ಬಂತು. ನಮ್ಮ ಕೆರೆಯಿಂದ ಕಡಲು ಬಹಳ ದೂರ, ಆದರೂ ಬೇಸಿಗೆಯಲ್ಲಿ ಈ ಬಿಳಿ ಕಳ್ಳರು ಎಲ್ಲಿ ತಿಂಡಿಯೋ ಅಲ್ಲಿ ಹಾಜರು. ಅದು ದೋಣಿಯ ಮೂತಿಯ ಮೇಲೆ ಕುಳಿತು ಕತ್ತು ಓರೆ ಮಾಡಿತು.

"ಈ ಹಕ್ಕಿ ಯಾಕೆ ನನ್ನನ್ನೇ ನೋಡ್ತಿದೆ?"

"ನಮ್ಮ ಅಭಿಮಾನಿ. ನೀನು ಹುಟ್ಟು ಹಾಕು."

ಎರಡನೆಯದು ಬಂತು. ಆಮೇಲೆ ನಾನು ಎಣಿಸಲಿಲ್ಲ. ಬಿಸಿಲು ತನ್ನ ಕೆಲಸ ಮಾಡಿತ್ತು, ಅಣಬೆ ಸಾರು ತನ್ನ ಪರಿಮಳ ಬಿಟ್ಟಿತ್ತು. ಒಂದು ಕೊಕ್ಕು ಟಾರ್ಪಾಲು ಎಳೆಯಿತು, ಇನ್ನೊಂದು ಬೆಳ್ಳಿಹಾಳೆ ಹರಿಯಿತು. ಮೂರನೆಯದು ಏನನ್ನೋ ಕಚ್ಚಿಕೊಂಡು ಮೇಲೆ ಹಾರಿತು. ಮಾರ್ಲಿಸ್ ಹುಟ್ಟು ನಿಲ್ಲಿಸಿ ಅದನ್ನೇ ನೋಡಿದಳು.

"ಅದು ಆಲೂಗಡ್ಡೆ ಉಂಡೆ," ಎಂದಳು ನಿಧಾನವಾಗಿ. ಬಗ್ಗಿ ಟಾರ್ಪಾಲು ಎತ್ತಿದಳು. ತನ್ನ ಕೈಬರಹದಲ್ಲಿ ತನ್ನ ಹೆಸರು ಓದಿದಳು. ನನ್ನ ಕಡೆ ತಿರುಗಿದಳು. "ಎಲ್ಡನ್."

ಹೆಸರೊಂದರಲ್ಲಿ ಅಷ್ಟು ವಾಕ್ಯಗಳಿರಬಹುದೆಂದು ನನಗೆ ಗೊತ್ತಿರಲಿಲ್ಲ.

"ಹದಿನೆಂಟು ಪೌಂಡ್ ಇಳಿದಿದ್ದೀನಿ ಮಾರ್ಲಿಸ್," ಎಂದೆ, ಹಕ್ಕಿಗಳ ಗದ್ದಲದ ಮೇಲೆ ಕೂಗಿ. "ನಿಜವಾಗ್ಲೂ, ಬಚ್ಚಲುಮನೆ ಯಂತ್ರದ ಮೇಲೆ ಕದ್ದು ನಿಂತು ನೋಡಿದೀನಿ. ಆದ್ರೂ ಆ ಹಾಳು ಗುಳ್ಳೆ ಕದಲಲಿಲ್ಲ. ನೀನು ವರ್ನಾ ದೋಣಿಗೆ ಹೋಗಿಬಿಡ್ತೀಯ ಅಂತ..."

ಮಾರ್ಲಿಸ್ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಅಂಗಿ ಸ್ವಲ್ಪ ಎತ್ತಿ ತನ್ನ ಪ್ಯಾಂಟಿನ ಸೊಂಟ ತೋರಿಸಿದಳು. ಅಲ್ಲಿ ಸಾಲಾಗಿ ಸೇಫ್ಟಿ ಪಿನ್ನುಗಳು.

"ಇಲ್ಲೇನು ಕಾಣ್ತಿದೆ?"

"ಪಿನ್ನು."

"ಇಪ್ಪತ್ತೆರಡು ಪೌಂಡ್. ನಿನ್ನ ಜೊತೆ ಅದೇ ಸೊಪ್ಪು ತಿಂದು, ಅದೇ ಮಂಜಲ್ಲಿ ನಡೆದು. ಅಂಚೆಯವನು ಹೇಳಿದ, ಪಾದ್ರಿ ಹೇಳಿದ್ರು. ತನ್ನ ಮನೆಗೆ ಬೆಂಕಿ ಬಿದ್ರೂ ಗೊತ್ತಾಗದ ಓರ್ವಿಲ್ ಕೂಡ ಹೇಳಿದ. ನೀನು ಹೇಳ್ತೀಯ ಅಂತ ಎಷ್ಟು ತಿಂಗಳಿಂದ ಕಾಯ್ತಿದ್ದೆ ಗೊತ್ತಾ? ನೀನು ಗುಳ್ಳೆ ನೋಡ್ತಾ ಕೂತಿದ್ದೆ."

ತಕ್ಕಡಿಗೆ ಎರಡು ತಟ್ಟೆಯೆಂಬುದು ನನಗೆ ಆಗ ನೆನಪಾಯಿತು. ಹಿಂದಿನ ತಟ್ಟೆಯಲ್ಲಿ ನಾನು ಇಳಿದದ್ದಕ್ಕಿಂತ ಮುಂದಿನ ತಟ್ಟೆಯಲ್ಲಿ ಅವಳು ಹೆಚ್ಚು ಇಳಿದಿದ್ದಳು. ಗುಳ್ಳೆ ನಿಜವನ್ನೇ ಹೇಳುತ್ತಿತ್ತು, ಪಾಪ. ನಾನೇನೋ ಹೇಳಬೇಕೆಂದು ಎದ್ದು ನಿಂತೆ. ದೋಣಿಯಲ್ಲಿ ಎದ್ದು ನಿಲ್ಲಬಾರದು ಎಂಬುದು ನೆನಪಾಗುವ ಹೊತ್ತಿಗೆ ನಾನು, ಮಾರ್ಲಿಸ್ ಮತ್ತು ಆರು ಟ್ರೇ ನೀರಿನಲ್ಲಿದ್ದೆವು. ಕಡಲಕ್ಕಿಗಳು ಮೇಲೆ ಹರಕೆ ತೀರಿದಂತೆ ಕೂಗುತ್ತಿದ್ದವು. ಪತ್ರಿಕೆಯ ಛಾಯಾಗ್ರಾಹಕ ದಡದಲ್ಲಿ ಮಂಡಿಯೂರಿ ನಮ್ಮ ಕಡೆಗೇ ಕ್ಯಾಮೆರಾ ಹಿಡಿದಿದ್ದ.

ನೀರಿನಿಂದ ಮೇಲೆದ್ದ ಮಾರ್ಲಿಸ್ ಕೂದಲಿನಿಂದ ಒಂದು ಅಣಬೆ ಚೂರು ತೆಗೆದು ನೋಡಿದಳು. ಆಮೇಲೆ ನಗತೊಡಗಿದಳು. ದೋಣಿಯ ಅಂಚು ಹಿಡಿದುಕೊಂಡು, ಉಸಿರು ಕಟ್ಟುವಷ್ಟು ನಕ್ಕಳು. ವರ್ನಾ ದೋಣಿ ತಿರುಗಿಸಿ ಬಂದು, "ಹತ್ತು ಅಕ್ಕ, ಮುಂದಿನ ಸೀಟು ಖಾಲಿ ಇದೆ," ಎಂದಳು.

"ಬೇಡ ಕಣೇ. ಇವನನ್ನ ಒಬ್ಬನೇ ಬಿಟ್ರೆ ಕೆರೆ ಅಳೆಯೋಕೆ ಶುರು ಮಾಡ್ತಾನೆ."

ಆ ಸಂಜೆ ಊರೂಟದಲ್ಲಿ ಬ್ರೆಡ್ಡು, ಉಪ್ಪಿನಸೌತೆ ಮತ್ತು ಸೊಪ್ಪು. ಇಡೀ ಊರು ನನ್ನ ಪಥ್ಯ ಮಾಡಿತು. ಪಾದ್ರಿಗಳು ಪ್ರಾರ್ಥನೆಯಲ್ಲಿ "ಇಂದು ಆಕಾಶದ ಹಕ್ಕಿಗಳಿಗೂ ಉಣಿಸಿದ ದೇವರೇ" ಎಂದಾಗ ಎಲ್ಲರೂ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು.

"ಮುಂದಿನ ವರ್ಷಕ್ಕೆ ಗುರಿ ನಾನಿಡ್ತೀನಿ," ಎಂದಳು ಮಾರ್ಲಿಸ್, ಒದ್ದೆ ಬಟ್ಟೆ ಬದಲಿಸಿ ವರ್ನಾಳ ನೀಲಿ ಅಂಗಿ ತೊಟ್ಟು ಬಂದು. ತಂಗಿಯ ಅಂಗಿ ಅವಳಿಗೆ ಸರಿಯಾಗಿತ್ತು. "ಆಗಾಗ ನನ್ನ ಕಡೆ ಒಂದು ಸಲ ನೋಡು."

"ದಿನಕ್ಕೆ ಹತ್ತು ಸಲ ನೋಡ್ತೀನಿ!"

"ಬೇಡ ಬೇಡ. ನಿನ್ನ ಕೈಲಿ ಆಗೋ ಗುರಿ ಇಟ್ಕೋ. ವಾರಕ್ಕೊಂದು ಸಲ ಸಾಕು."

ಅವಳು ಕಾಫಿ ತರಲು ಹೋದಳು. ನನಗೆ ಉತ್ಸಾಹ ಉಕ್ಕಿತು. ವಾರದ ಗುರಿಯನ್ನು ಇವತ್ತೇ ಮುಟ್ಟಬೇಕು. ಕಾಫಿ ಪಾತ್ರೆಯ ಬಳಿ ನೀಲಿ ಅಂಗಿ, ತೆಳ್ಳನೆಯ ಬೆನ್ನು, ಬೆಳ್ಳಿಗೂದಲು ಕಂಡವು. ಹಿಂದಿನಿಂದ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಮದುವೆಯ ದಿನದ ದನಿಯಲ್ಲಿ ಹೇಳಿದೆ:

"ಎಷ್ಟು ಚೆನ್ನಾಗಿ ಕಾಣ್ತಿದ್ದೀಯ ಕಣೇ. ಇಷ್ಟು ದಿನ ನಾನು ಕುರುಡನಾಗಿದ್ದೆ."

ವರ್ನಾ ಕೈಯಲ್ಲಿ ಲೋಟ ಹಿಡಿದು ತಿರುಗಿದಳು. ಅವಳ ಬಳಿ ಅಂಥ ನೀಲಿ ಅಂಗಿ ಒಂದಲ್ಲ, ಎರಡಿದ್ದವು.

"ಪರವಾಗಿಲ್ಲ ಭಾವ," ಎಂದಳು, ಆಗಲೇ ಕಾಫಿ ಬಗ್ಗಿಸಿಕೊಂಡು ಪಕ್ಕದ ಮೇಜು ಸೇರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಅಕ್ಕನ ಕಡೆ ಬೆರಳು ತೋರಿಸಿ. "ಮೊದಲನೇ ದಿನಕ್ಕೆ ಬಹಳ ಹತ್ತಿರ ಬಂದಿದ್ದೀರ. ಗುರಿ ತಪ್ಪಿದ್ದು ಒಂದೇ ಒಂದು ಮೇಜಿನಷ್ಟು."