ಬರೀ ನೀರು ಕೊಡಲಾರದವಳು

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ಅದಾದರೆ ಬಿಡಬಹುದು. ಎದುರಿಗೆ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಟ್ಟು, ಯಾವ ಊರು, ಯಾರ ಪೈಕಿ, ಊಟ ಆಯಿತೇ ಎಂದು ಕೇಳದಿದ್ದರೆ ನನಗೆ ಉಸಿರು ಕಟ್ಟಿದಂತಾಗುತ್ತದೆ. ಭಾಲ್ಕಿಯಲ್ಲಿ ನಮ್ಮವರ ಕಾಳಿನ ಅಂಗಡಿ ಇದ್ದಷ್ಟು ದಿನ ಇದು ಚಟ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅಲ್ಲಿ ಬರೀ ನೀರು ಕೊಟ್ಟರೆ ಬೇಗ ಕುಡಿದು ಏಳಿ ಎಂದಂತೆ. ಒಮ್ಮೆ ಕರೆಂಟಿನ ಮೀಟರ್ ನೋಡಲು ಬಂದವನನ್ನು ಕೂಡಿಸಿಕೊಂಡು ವಿಚಾರಿಸುತ್ತ ಹೋದೆ. ನನ್ನ ತವರಿನ ಕಡೆಯಿಂದ ಅವನು ತಮ್ಮನಾಗಬೇಕೆಂದು ಗೊತ್ತಾಗಿ ಊಟ ಮಾಡಿಸಿಯೇ ಕಳಿಸಿದೆ. ಅವನು ಮೀಟರ್ ನೋಡುವುದನ್ನೇ ಮರೆತು ಹೋದ. ಮರುದಿನ ಅದಕ್ಕಾಗಿ ಮತ್ತೆ ಬಂದು ಮತ್ತೆ ಉಂಡ.

ಅಂಗಡಿ ಮುಚ್ಚಿ ನಾನೂ ನಮ್ಮವರೂ ನಾಸಿಕದಲ್ಲಿದ್ದ ಮಗನ ಮನೆಗೆ ಬಂದ ಮೇಲೆ ಈ ಚಟಕ್ಕೆ ಬರ ಬಿತ್ತು. ಮಗ ಬ್ಯಾಂಕಿನಲ್ಲಿ, ಸೊಸೆ ಶಾಲೆಯಲ್ಲಿ ಟೀಚರ್, ಮೊಮ್ಮಗಳು ಈಶ್ವರಿ ಮೂರನೇ ಇಯತ್ತೆಯಲ್ಲಿ ಓದುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುವವಳು. ಕೊರಿಯರಿನವನೋ, ನಾನು ‘ಯಾವ ಊ’ ಎನ್ನುವಷ್ಟರಲ್ಲಿ ಮೆಟ್ಟಿಲಿಳಿದಿರುತ್ತಿದ್ದ.

ಹೀಗಿರುವಾಗ ಕಾಲೊನಿಯ ಹಿರಿಯರ ಸಂಘದವರು ಬಂದು, ಸುಮ್ಮನೆ ಕೂತೇನು ಮಾಡುತ್ತೀರಿ, ಸೇವೆಗೆ ಬನ್ನಿ ಎಂದರು. ನಾನು ಅವರ ಹಿಂದೆಯೇ ಚಪ್ಪಲಿ ಹಾಕಿದೆ. ಮೊದಲು ಗ್ರಂಥಾಲಯಕ್ಕೆ ಹಾಕಿದರು. ಭಾಲ್ಕಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಪಾಟಿ ಇಳಿಸಿದವಳು ನಾನು; ಇಂಗ್ಲಿಷ್ ಅಕ್ಷರ ನೋಡಿ ಪುಸ್ತಕ ಜೋಡಿಸಿ ಎಂದರೆ? ದೊಡ್ಡವು ಕೆಳಗೆ, ಸಣ್ಣವು ಮೇಲೆ, ಅಡುಗೆಮನೆಯ ಡಬ್ಬಿಗಳ ಹಾಗೆ ಜೋಡಿಸಿದೆ. ಕಪಾಟು ನೋಡಲು ಬಹಳ ಚೆಂದವಾಯಿತು, ಪುಸ್ತಕ ಮಾತ್ರ ಯಾರಿಗೂ ಸಿಗಲಿಲ್ಲ. ಆಮೇಲೆ ಆಸ್ಪತ್ರೆಯಲ್ಲಿ ದಾರಿ ತೋರಿಸುವ ಕೆಲಸ ಕೊಟ್ಟರು. ಕಣ್ಣಿನ ಡಾಕ್ಟರನ್ನು ಕೇಳಿದ ಮುದುಕರೊಬ್ಬರನ್ನು ಕೈಹಿಡಿದು ಬಾಣಂತಿಯರ ವಾರ್ಡಿಗೆ ಬಿಟ್ಟು ಬಂದೆ. ಅವರಿಗೆ ಬೋರ್ಡು ಕಾಣುತ್ತಿರಲಿಲ್ಲ, ನನಗೆ ಅದರ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಉಳಿದದ್ದು ಪಾಣಪೋಯಿ ಒಂದೇ. ನಮ್ಮ ಕಡೆ ಅರವಟ್ಟಿಗೆ ಎನ್ನುತ್ತೇವಲ್ಲ, ಅದು. ರಿಕ್ಷಾ ಸ್ಟ್ಯಾಂಡಿನ ಎದುರು ಬೇವಿನ ಮರ, ಅದರ ಕೆಳಗೆ ಒದ್ದೆ ಕೆಂಪು ಬಟ್ಟೆ ಸುತ್ತಿದ ಮಣ್ಣಿನ ಕೊಡಗಳು, ಕುಡಿಯಲು ಸ್ಟೀಲ್ ಲೋಟ. ಓದುವುದೂ ಇಲ್ಲ, ಬರೆಯುವುದೂ ಇಲ್ಲ. ಇದೂ ಕೈತಪ್ಪಿದರೆ ನಾನು ಮತ್ತೆ ಟಿವಿಯ ಮುಂದೆ.

ಮೊದಲ ದಿನವೇ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಹೋದೆ. ಆಹಾ, ಏನು ಮಂದಿ, ಏನು ಸುದ್ದಿ! ಚಾಂದವಡದಿಂದ ಈರುಳ್ಳಿ ತಂದ ಟೆಂಪೊದವನ ಎರಡನೇ ಮಗಳಿಗೆ ವರ ನೋಡುತ್ತಿದ್ದರು. ಇಗತಪುರಿಯಿಂದ ಬಂದವಳೊಬ್ಬಳು, ನಮ್ಮೂರಿನ ಮಳೆಯಲ್ಲಿ ಸೀರೆ ಒಣಗುವುದಿಲ್ಲ, ನಿಮ್ಮೂರಿನ ಬಿಸಿಲಲ್ಲಿ ಗಂಟಲು ಒಣಗುತ್ತದೆ ಎಂದಳು. ಅವರಿಬ್ಬರಿಗೂ ಪರಿಚಯ ಮಾಡಿಸಿದೆ; ಅವಳಿಗೊಬ್ಬ ಮದುವೆಯ ವಯಸ್ಸಿಗೆ ಬಂದ ಮೈದುನನಿದ್ದ. ಈಶ್ವರಿಯಂತೂ ನಮ್ಮಜ್ಜಿ ಪಾಣಪೋಯಿಯ ಮಾಲಕಿ ಎಂದು ಇಡೀ ಬಿಲ್ಡಿಂಗಿಗೆ ಸಾರಿದಳು. ವಾರದೊಳಗೆ ಸಾಲು ರಸ್ತೆ ದಾಟಿತು. ಬೆಲ್ಲಕ್ಕೆ ಇರುವೆಗಳೂ ಸಾಲು ಹಚ್ಚಿದವು, ಮನುಷ್ಯರ ಸಾಲಿಗಿಂತ ನೆಟ್ಟಗೆ.

ಆಗ ಬಂದರು ಸಂಘದ ಅಧ್ಯಕ್ಷರು, ದೇಶಪಾಂಡೆ ಸಾಹೇಬರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ನೀರು ಎಲ್ಲಿಯೂ ನಿಲ್ಲಬಾರದು, ಹರಿಯುತ್ತಿರಬೇಕು ಎನ್ನುವವರು. ಅವರದು ಪುಣೆಯ ಮರಾಠಿ, ನನ್ನದು ಭಾಲ್ಕಿಯ ಮರಾಠಿ. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಅಮ್ಮ ಎನ್ನುವ ಬದಲು ಅವರು ಕರೆಯುವ ‘ಬಾಯಿ’ ಒಂದನ್ನು ಬಿಟ್ಟು.

‘ಬಾಯಿ, ಇದು ಪಾಣಪೋಯಿನೋ, ಬೀಗರು ಕೂಡೋ ಕಟ್ಟೀನೋ?’

‘ಮನಷ್ಯಾರಿಗೆ ಬರೇ ನೀರು ಹ್ಯಾಂಗ ಕೊಡೂದ್ರಿ, ಸಾಹೇಬ್ರ?’

‘ಎಲ್ಲಾರೂ ಹ್ಯಾಂಗ ಕೊಡ್ತಾರ, ಹಂಗ. ನಾಳಿಂದ ಬೆಲ್ಲ ಬಂದ್, ಮಾತು ಬಂದ್. ಆಗಲ್ಲಂದ್ರ ಹೇಳ್ರಿ, ಬ್ಯಾರೇದವ್ರನ್ನ ಕೂಡಿಸ್ತೀನಿ.’

ಆ ಸಂಜೆ ನನಗೆ ರೊಟ್ಟಿ ಇಳಿಯಲಿಲ್ಲ. ಈಶ್ವರಿ ಪಕ್ಕದಲ್ಲಿ ಬಂದು ಕೂತು, ಶಿಕ್ಷೆ ಆಯಿತಾ ಎಂದು ಮರಾಠಿಯಲ್ಲಿ ಕೇಳಿದಳು. ಆಯಿತು ಎಂದೆ. ಅವಳ ಕ್ಲಾಸಿನಲ್ಲಿ ಮಾತು ತಡೆಯಲಾರದವರಿಗೆ ಒಂದು ಉಪಾಯವಿದೆಯಂತೆ: ತುಟಿಯ ಮೇಲೆ ಬೆರಳು. ಹೇಗೆಂದು ತೋರಿಸಿಯೂ ಕೊಟ್ಟಳು.

ಮರುದಿನ ಎಡಗೈ ಬೆರಳು ತುಟಿಯ ಮೇಲೆ, ಬಲಗೈಯಲ್ಲಿ ಲೋಟ. ಹಾಗೆ ಕೂತೆ. ಮೊದಲು ಬಂದವನು ರಿಕ್ಷಾದ ಯೂನುಸ್. ನೀರು ಕುಡಿದ. ಹೋಗಲಿಲ್ಲ. ‘ಯಾಕ ಆಜಿ, ಹಲ್ಲು ನೋಯ್ತದೇನು?’ ಎಂದ. ನಾನು ಬೆರಳು ತೆಗೆಯಲಿಲ್ಲ. ಹಿಂದಿನವನು ಲವಂಗ ಇಟ್ಟುಕೊಳ್ಳಿ ಎಂದ. ಅವನ ಹಿಂದಿನವಳು ಹಲ್ಲಲ್ಲ, ದೃಷ್ಟಿ ತಾಗಿದೆ ಎಂದಳು. ಡಾಕ್ಟರ ಬಳಿ ಬಿಡುತ್ತೇನೆ, ಬಾಡಿಗೆ ಬೇಡ ಎಂದು ಯೂನುಸ್ ರಿಕ್ಷಾ ತಿರುಗಿಸಿ ನಿಲ್ಲಿಸಿದ. ನೀರು ಕುಡಿದ ಒಬ್ಬರೂ ಕದಲಲಿಲ್ಲ. ನಾನು ಮಾತಾಡಿದ ದಿನ ಕೂಡ ಅಂಥ ಜಾತ್ರೆ ನೆರೆದಿರಲಿಲ್ಲ.

ಅದರ ನಡುವೆ ಸಾಲಿನಲ್ಲಿ ನಿಂತು, ಬೆವರು ಒರೆಸಿಕೊಳ್ಳುತ್ತ, ದೇಶಪಾಂಡೆ ಸಾಹೇಬರು ನನ್ನೆದುರು ಬಂದರು. ಇವತ್ತಿಗೆ ನನ್ನ ಸೇವೆ ಮುಗಿಯಿತು ಎಂದುಕೊಂಡು ಲೋಟ ಕೊಟ್ಟೆ. ಕುಡಿದರು. ಖಾಲಿ ಲೋಟ ಹಿಡಿದು ನಿಂತೇ ಇದ್ದರು.

‘ನನಗೂ ಕೇಳಂಗಿಲ್ಲೇನು, ಊಟ ಆತೇನಂತ?’

ಬೆರಳು ತಾನಾಗಿಯೇ ಕೆಳಗಿಳಿಯಿತು. ಅವರ ಮನೆಯವರು ಮಗಳ ಬಾಣಂತನಕ್ಕೆ ಪುಣೆಗೆ ಹೋಗಿದ್ದರಂತೆ. ದಿನವೂ ಮೆಸ್ಸಿನ ಊಟ, ಅದೇ ನೀರು ಬೇಳೆ. ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೇಳಿದೆ. ಹೆಣ್ಣು ಎನ್ನುವಾಗ ಸಾಹೇಬರ ಮುಖ ಇಷ್ಟಗಲ. ಅಜ್ಜನಾದ ಸುದ್ದಿಯನ್ನು ಅವರಿಗೆ ಯಾರಿಗಾದರೂ ಹೇಳಬೇಕಾಗಿತ್ತು, ಊರಲ್ಲಿ ಯಾರೂ ಕೇಳಿರಲಿಲ್ಲ. ‘ಬೆಲ್ಲ ಅದನೇನು?’ ಎಂದರು ಮೆಲ್ಲಗೆ. ನಾನು ಸೆರಗಿನ ಗಂಟು ಬಿಚ್ಚಿದೆ. ಬಂದ್ ಮಾಡಿದ್ದರೂ ತಂದಿದ್ದೆ, ಚಟವಲ್ಲವೇ.

ಮರುದಿನ ಇಂಜಿನಿಯರ್ ಸಾಹೇಬರು ಎರಡು ಸುಧಾರಣೆ ತಂದರು. ಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಾಟಿನಲ್ಲಿ ಇಡಿಸಿದರು, ಇರುವೆ ದಾಟುವುದಿಲ್ಲ. ಇದು ನನಗೂ ಗೊತ್ತಿತ್ತು, ನಮ್ಮವ್ವನಿಗೂ ಗೊತ್ತಿತ್ತು. ಆದರೆ ಇಂಜಿನಿಯರ್ ಹೇಳಿದರೆ ಅದರ ಶೋಭೆಯೇ ಬೇರೆ. ಆಮೇಲೆ ಮರದ ಬಲಕ್ಕೆ ಒಂದು ಬೆಂಚು ಹಾಕಿಸಿದರು. ನೀರಷ್ಟೇ ಬೇಕಾದವರು ಎಡದಂಡೆಯಿಂದ ಹೋಗಬೇಕು, ಮಾತೂ ಬೇಕಾದವರು ಬಲದಂಡೆಯಲ್ಲಿ ಕೂಡಬೇಕು. ಬೇಸಿಗೆ ರಜೆಯಾದ್ದರಿಂದ ಬಲದಂಡೆಯನ್ನು ಈಶ್ವರಿ ನೋಡಿಕೊಂಡಳು. ಬೀದರಿನ ಲಾರಿಯವರು ಬಂದು ಕೂತ ದಿನ, ‘ಅಜ್ಜಿ, ಇವ್ರದು ಊಟ ಆಗಿಲ್ಲಂತ’ ಎಂದು ಅಲ್ಲಿಂದಲೇ ಕೂಗಿದಳು. ಕನ್ನಡದಲ್ಲಿ. ನನ್ನ ಕೈಯ ಲೋಟ ತುಂಬಿ ಚೆಲ್ಲಿದ್ದೂ ನನಗೆ ತಿಳಿಯಲಿಲ್ಲ.

ಆ ಸಂತೋಷದ ಗುಂಗಿನಲ್ಲೇ ಇದ್ದೆ. ತಲೆಗೆ ಟವೆಲ್ ಸುತ್ತಿಕೊಂಡವರೊಬ್ಬರು ಮುಂದೆ ಬಂದರು. ನಾನು ಲೋಟ ತುಂಬುತ್ತ, ತಲೆ ಎತ್ತದೆ ಕೇಳಿದೆ, ಯಾವ ಊರು?

‘ಭಾಲ್ಕಿ.’

‘ಭಾಲ್ಕಿಯೇನ್ರಿ? ಯಾರ ಪೈಕಿ?’

‘ನಿಮ್ಮ ಪೈಕೀನೇ. ಊಟ ಆಗಿಲ್ರೀ ಬಾಯಿ. ಮನ್ಯಾಗ ನೀಡೋರು ದಿನಾ ಇಲ್ಲೇ ಇರ್ತಾರ.’

ತಲೆ ಎತ್ತಿದೆ. ನಮ್ಮವರು. ಬೆಂಚಿನ ಮೇಲೆ ಈಶ್ವರಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಅವರ ಕೈಗೆ ಒಂದಲ್ಲ, ಎರಡು ಚೂರು ಬೆಲ್ಲವಿಟ್ಟು, ‘ಬಲದಂಡಿಗೆ ಕೂಡ್ರಿ’ ಎಂದೆ.