ಗೀಸರ್ ಹಾಕ್ತಿದೀನೀ!

ವೈದ್ಯರ ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಜನ ಕನಿಕರಪಡುತ್ತಾರೆ. ಫಿಸಿಕ್ಸ್ ಮೇಷ್ಟರ ಮನೆಯಲ್ಲಿ ಫ್ಯೂಸ್ ಹೋದರೆ ಮಾತ್ರ ನಗುತ್ತಾರೆ. ಇದು ಯಾವ ನ್ಯಾಯವೋ ನನಗಂತೂ ತಿಳಿಯದು. ದಿನವಿಡೀ ಕಾಲೇಜಿನಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಗುಣಿಸಿದರೆ ಪವರ್ ಎಂದು ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ, ಮೆಟ್ಟಿಲಲ್ಲೇ ಕತ್ತಲೆ ಸ್ವಾಗತಿಸುತ್ತದೆ. "ಬನ್ನಿ ಮೇಷ್ಟ್ರೇ, ನಿಮ್ಮ ಸಬ್ಜೆಕ್ಟೇ ಕೈ ಕೊಟ್ಟಿದೆ" ಎನ್ನುತ್ತಾಳೆ ಹೆಂಡತಿ ಸರಳಾ. ಸುಸ್ತಾದವನಿಗೆ ನಗುವುದೂ ಒಂದು ಕೆಲಸವೇ.

ನಾವಿರುವುದು ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ, ಬಾಡಿಗೆಗೆ. ವೈರಿಂಗು ಮಾಲೀಕರ ತಾತನ ಕಾಲದ್ದು. ಬದಲಾಯಿಸಿ ಎಂದರೆ, "ತಾತಂಗೆ ಒಂದಿನಾನೂ ತೊಂದ್ರೆ ಕೊಟ್ಟಿಲ್ಲ ಸಾರ್" ಎನ್ನುತ್ತಾರೆ. ತಾತನಿಗೆ ಗೀಸರ್ ಇರಲಿಲ್ಲ ಎಂದು ಹೇಳುವ ತ್ರಾಣ ನನಗೀಗ ಉಳಿದಿಲ್ಲ. ಫ್ಯೂಸ್ ಇರುವುದು ಕೆಳಗಿನ ಮೀಟರ್ ಗೂಡಿನಲ್ಲಿ, ಗೂಡಿಗೆ ಬೀಗ, ಬೀಗದ ಕೈ ಮಾಲೀಕರ ಜನಿವಾರದಲ್ಲಿ. ಹೀಗಾಗಿ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆದು ಬಂತು. ದೊಡ್ಡ ಸ್ವಿಚ್ ಒತ್ತುವ ಮುಂಚೆ ಕೂಗಬೇಕು. ಬಚ್ಚಲಿನಿಂದ ಅಮ್ಮ "ಗೀಸರ್ ಹಾಕ್ತಿದೀನೀ!" ಎಂದರೆ, ಅಡುಗೆಮನೆಯಿಂದ ಸರಳಾ "ಹಾಕೀ, ಮಿಕ್ಸಿ ನಿಲ್ಸಿದೀನಿ!" ಎನ್ನಬೇಕು. ನಮಗೂ ಪಕ್ಕದ ಮನೆಯ ಶಾಂತಮ್ಮನವರಿಗೂ ನಡುವೆ ಇರುವುದು ಬೆಕ್ಕು ಓಡಾಡುವಷ್ಟು ಸಂದಿ. ನಮ್ಮ ಕೂಗಾಟ ಅವರಿಗೆ ಸುಪ್ರಭಾತ. ಒಮ್ಮೆ ತರಕಾರಿ ಗಾಡಿಯ ಮುಂದೆ, ನನ್ನ ಇಬ್ಬರು ವಿದ್ಯಾರ್ಥಿನಿಯರ ಎದುರಿಗೇ, "ಏನ್ ಸಾರ್, ಇವತ್ತು ನಿಮ್ದು ಸ್ನಾನ ಆದ ಹಾಗಿಲ್ಲ?" ಎಂದು ಕೇಳಿಬಿಟ್ಟರು. ಹುರುಳಿಕಾಯಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಆ ಭಾನುವಾರವೇ ಲೆಕ್ಕಕ್ಕೆ ಕುಳಿತೆ. ಗೀಸರ್ ಎರಡು ಸಾವಿರ ವಾಟ್. ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಹತ್ತಿರ ಹತ್ತಿರ ಒಂಬತ್ತು ಆಂಪಿಯರ್ ಕರೆಂಟು. ಇಸ್ತ್ರಿಪೆಟ್ಟಿಗೆ ಸಾವಿರ ವಾಟ್, ನಾಲ್ಕೂ ಚಿಲ್ಲರೆ ಆಂಪಿಯರ್. ಮಿಕ್ಸಿಯದು ಮೂರೂ ಚಿಲ್ಲರೆ. ವೋಲ್ಟೇಜನ್ನು ಆ ಕರೆಂಟಿನಿಂದ ಭಾಗಿಸಿದರೆ ಗೀಸರಿನ ರೋಧ ಇಪ್ಪತ್ತಾರು ಓಮ್, ಇಸ್ತ್ರಿಯದು ಅದರ ಎರಡರಷ್ಟು. ದೊಡ್ಡ ಯಂತ್ರಕ್ಕೆ ದೊಡ್ಡ ರೋಧ ಇರಬೇಕೆಂದು ನನ್ನ ವಿದ್ಯಾರ್ಥಿಗಳು ವರ್ಷವರ್ಷವೂ ತಪ್ಪು ಬರೆಯುತ್ತಾರೆ. ಮದುವೆ ಪಂಕ್ತಿಯಲ್ಲಿ ಬಡಿಸುವವನಿಗೆ ಕೈ ಅಡ್ಡ ಹಿಡಿಯದವನೇ ಹೆಚ್ಚು ಉಣ್ಣುವುದು. ರೋಧ ಕಡಿಮೆಯಿದ್ದರೆ ಕರೆಂಟು ಜಾಸ್ತಿ ಎಂದು ಹೇಳಿ ಹೇಳಿ ನಾನೇ ಬೇಸತ್ತಿದ್ದೇನೆ. ಅದಿರಲಿ. ಫ್ಯೂಸ್ ತಡೆಯುವುದು ಹದಿನೈದು ಆಂಪಿಯರ್. ಮೂರರಲ್ಲಿ ಯಾವ ಎರಡು ಒಟ್ಟಿಗೆ ಓಡಿದರೂ ಕ್ಷೇಮ, ಮೂರೂ ಓಡಿದರೆ ಕತ್ತಲೆ. ಮೂರರಲ್ಲಿ ಇಸ್ತ್ರಿಪೆಟ್ಟಿಗೆ ಹೇಗೂ ನನ್ನ ಕೈಯಲ್ಲೇ ಇರುತ್ತದೆ, ನಾನು ನೋಡಿಕೊಂಡರಾಯಿತು.

"ಇನ್ಮೇಲೆ ಯಾರೂ ಕೂಗೋ ಹಾಗಿಲ್ಲ" ಎಂದು ಆಜ್ಞೆ ಹೊರಡಿಸಿದೆ. "ಕೂಗಿದ್ರೆ ನಿಂಗೇನಪ್ಪ ಕಷ್ಟ?" ಎಂದಳು ಅಮ್ಮ. "ಮರ್ಯಾದೆ ಪ್ರಶ್ನೆ ಅಮ್ಮ. ಎಲ್ಲಾ ಲೆಕ್ಕ ಹಾಕಿದೀನಿ" ಎಂದೆ. ಮನೆ ತಣ್ಣಗಾಯಿತು. ಶಾಂತಮ್ಮನವರು ಮಾತ್ರ, "ಎಲ್ಲಾ ಹುಷಾರಾಗಿದೀರಾ ಸಾರ್? ಸದ್ದೇ ಇಲ್ಲ" ಎಂದು ವಿಚಾರಿಸಿಕೊಂಡರು.

ಆಮೇಲೆ ಬಂತು ಏಕಾದಶಿ. ಅಮ್ಮ ಆ ದಿನ ಹನಿ ನೀರೂ ಮುಟ್ಟುವುದಿಲ್ಲ. ಮಾರನೆಯ ದಿನ ಸಾಧನ ದ್ವಾದಶಿ. ಸೂರ್ಯ ಹುಟ್ಟಿದ ಮೇಲೆ ತಿಥಿ ಇರುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಸ್ನಾನ, ಪೂಜೆ, ಊಟ ಎಲ್ಲ ಮುಗಿಯಬೇಕು. ಸ್ನಾನವಿಲ್ಲದೆ ಅಮ್ಮ ತುತ್ತು ಎತ್ತುವವಳಲ್ಲ, ಅವಳ ಉಬ್ಬಸಕ್ಕೆ ತಣ್ಣೀರು ಆಗುವುದಿಲ್ಲ. ಅಂದು ನನಗೆ ಪರೀಕ್ಷೆಯ ಡ್ಯೂಟಿ. ಬೆಳಿಗ್ಗೆ ಬೇಗ ಎದ್ದು ಅಂಗಿ ಹರವಿದೆ. ಅಡುಗೆಮನೆಯಲ್ಲಿ ಸರಳಾ ನೆಲ್ಲಿಕಾಯಿ ತಂಬುಳಿಗೆ ರುಬ್ಬುತ್ತಿದ್ದಳು. ಮಿಕ್ಸಿ ಒಂದು, ಇಸ್ತ್ರಿ ಎರಡು, ಕ್ಷೇಮ ಎಂದುಕೊಂಡು ಸ್ವಿಚ್ ಒತ್ತಿದೆ. ಕಾಲರಿನ ಅರ್ಧಕ್ಕೆ ಬರುವಷ್ಟರಲ್ಲಿ ಮಿಕ್ಸಿ ನಿಂತಿತು, ದೀಪ ಹೋಯಿತು.

ಬಚ್ಚಲಿನಿಂದ ಅಮ್ಮನ ದನಿ. "ಕರೆಂಟ್ ಹೋಯ್ತೇನೋ? ಈಗಷ್ಟೇ ಗೀಸರ್ ಹಾಕಿದ್ದೆ ಕಣೋ. ಕೂಗ್ಬೇಡ ಅಂದಿದ್ಯಲ್ಲ, ಸುಮ್ನೆ ಹಾಕ್ದೆ."

ಕೆಳಗೆ ಓಡಿದೆ. ಮಾಲೀಕರು ವಾಕಿಂಗ್ ಹೋಗಿದ್ದರು, ಜನಿವಾರ ಸಮೇತ. ಮೇಲೆ ಬಂದಾಗ ಸರಳಾ ಒಲೆಯ ಮೇಲೆ ನೀರಿಡುತ್ತಾ, "ಒಂದ್ ಹತ್ತು ನಿಮಿಷ ಇರಿ ಅತ್ತೆ" ಎಂದು ಬೇಡಿಕೊಳ್ಳುತ್ತಿದ್ದಳು. "ತಿಥಿ ಇರ್ಬೇಕಲ್ಲಮ್ಮ" ಎಂದಳು ಅಮ್ಮ. ಹಿಂದೆಯೇ ತಣ್ಣೀರಿನ ಚೊಂಬು ಸುರಿದ ಸದ್ದು, "ಹರಿ ಹರಿ" ಎಂಬ ನಡುಗುವ ದನಿ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತೆ. ಫಿಸಿಕ್ಸಿನವನಿಗೆ ಆಗ ಬೇರೆ ಏನೂ ತೋಚಲಿಲ್ಲ.

ಅಮ್ಮ ಶಾಲು ಹೊದ್ದು, ದೇವರ ದೀಪದ ಬೆಳಕಿನಲ್ಲಿ, ತಿಥಿ ಮುಗಿಯುವುದರೊಳಗೆ ಊಟ ಮಾಡಿದಳು. ಸಂಜೆಗೆ ಉಬ್ಬಸ ಶುರುವಾಯಿತು. ಬೆನ್ನು ನೀವುತ್ತಾ ಕುಳಿತವನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು, "ನಿನ್ ಲೆಕ್ಕ ಸರಿಯಾಗೇ ಇತ್ತು ಬಿಡೋ. ನಾನೊಬ್ಳು ಎದ್ದಿರ್ತೀನಿ ಅನ್ನೋದು ಮರ್ತೋಗಿತ್ತು, ಅಷ್ಟೆ" ಎಂದಳು.

ಕೂಗಬಾರದೆಂಬ ಆಜ್ಞೆಯನ್ನು ಅಂದೇ ಹಿಂತೆಗೆದುಕೊಂಡೆ. ಅವಳು ಚೇತರಿಸಿಕೊಂಡ ಮೇಲೆ, ಒಂದು ಬೆಳಿಗ್ಗೆ ಅದೇ ಅಂಗಿ ಹರವಿ ಗಂಟಲು ಸರಿಮಾಡಿಕೊಂಡೆ. ಮಿಕ್ಸಿ ಓಡುತ್ತಿತ್ತು. ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು, "ಇಸ್ತ್ರಿ ಹಾಕ್ತಿದೀನೀ!" ಎಂದು ಕೂಗಿದೆ. ಮಿಕ್ಸಿಯ ಸದ್ದಿನಲ್ಲಿ ಮನೆಯೊಳಗೆ ಯಾರಿಗೂ ಕೇಳಿಸಲಿಲ್ಲ. ಸಂದಿಯಾಚೆಯಿಂದ ಉತ್ತರ ಬಂತು.

"ಸ್ವಲ್ಪ ತಡೀರಿ ಸಾರ್, ನಿಮ್ಮಮ್ಮ ಈಗ ತಾನೇ ಗೀಸರ್ ಹಾಕಿದಾರೆ."

ಅಮ್ಮ ಕೂಗಿದ್ದು ನಿದ್ದೆಗಣ್ಣಿನ ನನಗೆ ಕೇಳಿರಲಿಲ್ಲ, ಶಾಂತಮ್ಮನವರಿಗೆ ಕೇಳಿತ್ತು. ಇಸ್ತ್ರಿಪೆಟ್ಟಿಗೆ ಹಿಡಿದು ಅವರ ಅಪ್ಪಣೆಗಾಗಿ ಕಾದು ನಿಂತೆ.